ಕಚೇರಿಯ ಶ್ರುತಿ

ಕನ್ನಡದಲ್ಲಿ ‘ಕಚೇರಿ’ ಎಂಬ ಶಬ್ದ ಎರಡು ಅರ್ಥಗಳಲ್ಲಿ ರೂಢವಾಗಿದೆ. ಗುಮಾಸ್ತರು, ಕಡತಗಳು, ಹಾಜರಿ ಪುಸ್ತಕ, ಮೇಲಧಿಕಾರಿಯ ಮೇಜು ಇವೆಲ್ಲ ಇರುವ ಸ್ಥಳವೂ ಕಚೇರಿಯೇ. ತಂಬೂರಿಯ ಶ್ರುತಿಯಲ್ಲಿ ಗಾಯಕರೂ ಪಕ್ಕವಾದ್ಯದವರೂ ಕೂಡಿ ನಡೆಸುವ ಸಂಗೀತ ಸಭೆಯೂ ಕಚೇರಿಯೇ. ಎರಡರಲ್ಲಿಯೂ ಹಲವರು ಕೂಡಿ ದುಡಿಯುತ್ತಾರೆ. ಎರಡರಲ್ಲಿಯೂ ಒಬ್ಬ ಮುಂದಾಳು ಇರುತ್ತಾನೆ. ಎರಡಕ್ಕೂ ಕಾಲದ ಕಟ್ಟುಂಟು, ನಿಯಮದ ಕಟ್ಟುಂಟು. ಆದರೂ ಒಂದರಿಂದ ಎದ್ದು ಬರುವವನ ಮುಖದಲ್ಲಿ ದಣಿವು, ಇನ್ನೊಂದರಿಂದ ಎದ್ದು ಬರುವವನ ಮುಖದಲ್ಲಿ ತೃಪ್ತಿ ಕಾಣುವುದು ಏಕೆ? ದುಡಿಮೆ ಒಂದೆಡೆ ಹೊರೆಯಾಗಿ ಮತ್ತೊಂದೆಡೆ ಆನಂದವಾಗುವುದರ ಗುಟ್ಟೇನು?

ಈ ಪ್ರಶ್ನೆಯನ್ನು ಪಾಶ್ಚಾತ್ಯ ದೇಶಗಳ ವಿದ್ವಾಂಸರು ಒಂದು ಶತಮಾನಕ್ಕೂ ಮಿಕ್ಕಿ ಕೇಳುತ್ತ ಬಂದಿದ್ದಾರೆ. ಸಂಸ್ಥೆಗಳ ಸಂಸ್ಕೃತಿ, ನಾಯಕತ್ವ, ಕಾರ್ಯಸ್ಥಳದ ವರ್ತನೆ ಎಂಬ ಹೆಸರುಗಳಿಂದ ಅವರ ಸಿದ್ಧಾಂತಗಳು ಇಂದು ನಮ್ಮ ಕಾಲೇಜುಗಳಲ್ಲಿ ಪಾಠಗಳಾಗಿವೆ. ಶ್ರೀಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಎಷ್ಟೋ ಮಂದಿ ಹಳೆಯ ವಿದ್ಯಾರ್ಥಿಗಳು ಇಂದು ಬ್ಯಾಂಕು, ಕಾರ್ಖಾನೆ, ಸರ್ಕಾರಿ ಇಲಾಖೆಗಳಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸುತ್ತಿದ್ದಾರೆ. ಆ ಸಿದ್ಧಾಂತಗಳನ್ನು ಓದಿ ಪದವಿ ಪಡೆದವರೂ ಅವರಲ್ಲಿದ್ದಾರೆ. ಆದುದರಿಂದ ಅವುಗಳ ಸತ್ತ್ವವೇನು, ಕೊರತೆಯೇನು ಎಂಬುದನ್ನು ಶರಣರು ನಮಗಿತ್ತ ಒರೆಗಲ್ಲಿನ ಮೇಲೆ ಉಜ್ಜಿ ನೋಡುವುದು ಅನುಚಿತವಾಗಲಾರದು.

ಈ ವಿಚಾರದ ಮೊದಲ ಹೆಜ್ಜೆ ಗಡಿಯಾರದ್ದು. ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೆಲಸವನ್ನು ಚೂರು ಚೂರಾಗಿ ವಿಂಗಡಿಸಿ, ಪ್ರತಿ ಚೂರಿಗೂ ಕಾಲವನ್ನು ಅಳೆದು, ಆಲೋಚಿಸುವ ಹೊಣೆಯನ್ನು ಮೇಲಿನವರಿಗೂ ಮಾಡುವ ಹೊಣೆಯನ್ನು ಕೆಳಗಿನವರಿಗೂ ಹಂಚಿದನು. ಉತ್ಪನ್ನ ಹೆಚ್ಚಿತು, ನಿಜ. ಆದರೆ ದುಡಿಯುವವನ ಕೈ ಮಾತ್ರ ಬೇಕಾಗಿ, ಅವನ ಮನಸ್ಸು ಬೇಡವಾಯಿತು. ಮನಸ್ಸನ್ನು ಬೇಡವೆಂದಾಕ್ಷಣ ಅದು ಹೊರಟುಹೋಗುವುದಿಲ್ಲವೆಂಬುದು ಬೇಗನೆ ತಿಳಿದುಬಂತು. ಷಿಕಾಗೋ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಪ್ರಸಿದ್ಧವಾಗಿವೆ. ದೀಪದ ಬೆಳಕು ಹೆಚ್ಚಿದರೆ ಕೆಲಸ ಹೆಚ್ಚುವುದೇ ಎಂದು ಪರೀಕ್ಷಿಸಲು ಹೊರಟ ಅವು, ಕೊನೆಗೆ ಮನುಷ್ಯ ಸಂಬಂಧಗಳ ವಿಚಾರಕ್ಕೆ ಬಂದು ನಿಂತವು. ಬೆಳಕಿನ ಪ್ರಯೋಗದ ಅಂಕಿಗಳನ್ನು ಮುಂದಿನ ಪಂಡಿತರು ಪ್ರಶ್ನಿಸಿದ್ದಾರೆ. ಆದರೆ ಅಲ್ಲಿಯೇ ತಂತಿ ಜೋಡಿಸುವ 14 ಜನ ಕೆಲಸಗಾರರ ಕೊಠಡಿಯಲ್ಲಿ ಕಂಡ ಸಂಗತಿ ಇಂದಿಗೂ ಮನನೀಯವಾಗಿದೆ. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಎಂಬ ಕಂಪನಿಯ ನಿಯಮ ಗೋಡೆಯಾಚೆ ಉಳಿಯಿತು. ದಿನಕ್ಕೆ ಇಷ್ಟೇ ಮಾಡತಕ್ಕದ್ದು ಎಂದು ಆ ಜನ ತಮ್ಮೊಳಗೇ ಕಟ್ಟಿಕೊಂಡ, ಎಲ್ಲಿಯೂ ಬರೆಯದ ನಿಯಮವೇ ಗೆದ್ದಿತು. ಬರೆದ ಕಟ್ಟಳೆಗಿಂತ ಬರೆಯದ ಕಟ್ಟಳೆ ಬಲವಾದುದು ಎಂಬ ಅರಿವೇ ಸಂಸ್ಥಾ ಸಂಸ್ಕೃತಿಯ ಸಿದ್ಧಾಂತಕ್ಕೆ ಬೀಜವಾಯಿತು.

ಆ ಬೀಜವನ್ನು ಬೆಳೆಸಿದವರಲ್ಲಿ ಮುಖ್ಯನಾದವನು ಎಡ್ಗರ್ ಶೈನ್. 1985ರಲ್ಲಿ ಹೊರಬಂದ ಅವನ ಗ್ರಂಥ ಸಂಸ್ಥೆಯ ಸಂಸ್ಕೃತಿಯನ್ನು ಮೂರು ಪದರಗಳಾಗಿ ಬಿಡಿಸುತ್ತದೆ. ಮೇಲಿನ ಪದರ ಕಣ್ಣಿಗೆ ಕಾಣುವಂಥದು: ಕಟ್ಟಡ, ಉಡುಪು, ಗೋಡೆಯ ಬರಹ, ಸಭೆ ಸಮಾರಂಭ. ಎರಡನೆಯದು ಬಾಯಲ್ಲಿ ಹೇಳಿಕೊಳ್ಳುವ ಮೌಲ್ಯಗಳು. ಎಲ್ಲಕ್ಕೂ ಕೆಳಗಿನದು, ಯಾರೂ ಹೇಳದೆ ಎಲ್ಲರೂ ನಂಬಿ ನಡೆಯುವ ಗ್ರಹಿಕೆಗಳು. ಸಂಸ್ಥೆಯನ್ನು ನಿಜವಾಗಿ ನಡೆಸುವುದು ಈ ಮೂರನೆಯ ಪದರವೆಂಬುದು ಅವನ ಮತ.

ನಮ್ಮ ನಾಡಿನ ಒಂದು ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿ ಕಟ್ಟಿಸಿದ, 1956ರಲ್ಲಿ ಮುಗಿದ ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಬರೆಯಿಸಿದ್ದಾರೆ. ಕಲ್ಲಿನಲ್ಲಿ ಕಂಡ ಬರಹ ಮೊದಲ ಪದರ. ನೌಕರಿಗೆ ಸೇರಿದವನು ಆ ಮಾತನ್ನು ಭಾಷಣದಲ್ಲಿ ಉದ್ಧರಿಸುವುದು ಎರಡನೆಯ ಪದರ. ಆದರೆ ಹಳ್ಳಿಯಿಂದ ಪಹಣಿಗಾಗಿಯೋ ವೃದ್ಧಾಪ್ಯ ವೇತನಕ್ಕಾಗಿಯೋ ತಾಲ್ಲೂಕು ಕಚೇರಿಗೆ ಬಂದ ಮುದುಕಿಯನ್ನು ‘ನಾಳೆ ಬಾ’ ಎಂದು ಕಳಿಸುವಾಗ ಆ ಗುಮಾಸ್ತನ ಮನದಾಳದಲ್ಲಿರುವ ನಂಬಿಕೆ ಯಾವುದೋ, ಅದೇ ಮೂರನೆಯ ಪದರ. ದೇವರ ಕೆಲಸವೆಂಬ ಮಾತು ಕಲ್ಲಿನಿಂದ ಮನಸ್ಸಿಗೆ ಇಳಿದಿದೆಯೇ ಇಲ್ಲವೇ ಎಂಬುದನ್ನು ಆ ಮುದುಕಿಯೇ ಹೇಳಬಲ್ಲಳು. ವಾರ್ಷಿಕ ವರದಿ ಹೇಳಲಾರದು.

ಕ್ರಿಸ್ ಆರ್ಗಿರಿಸ್ ಎಂಬ ಮತ್ತೊಬ್ಬ ವಿದ್ವಾಂಸನು 1974ರಲ್ಲಿ ಡೊನಾಲ್ಡ್ ಶೋನ್‌ನೊಡನೆ ಕೂಡಿ ಬರೆದ ಗ್ರಂಥದಲ್ಲಿ, ಜನ ಹೇಳಿಕೊಳ್ಳುವ ಸಿದ್ಧಾಂತವೇ ಬೇರೆ, ನಡೆಯುವಾಗ ಬಳಸುವ ಸಿದ್ಧಾಂತವೇ ಬೇರೆ ಎಂದು ತೋರಿಸಿದನು. ನುಡಿ ಮತ್ತು ನಡೆಯ ಅಂತರವನ್ನು ಎಂಟು ಶತಮಾನಗಳ ಹಿಂದೆಯೇ ಎತ್ತಿ ಆಡಿದ ಶರಣರ ಸಂತತಿಗೆ ಇದೇನೂ ಹೊಸತಲ್ಲ. ಆದರೂ ಈ ವಿದ್ವಾಂಸರ ಮಾತನ್ನು ಕೀಳುಗಳೆಯಬೇಕಾಗಿಲ್ಲ. ನುಡಿದಂತೆ ನಡೆ ಎಂದು ಉಪದೇಶಿಸುವುದು ಸುಲಭ. ನಡೆಯದಿರುವುದಕ್ಕೆ ಕಾರಣ ವ್ಯಕ್ತಿಯ ದೋಷವೊಂದೇ ಅಲ್ಲ, ಸಂಸ್ಥೆಯ ಏರ್ಪಾಟೂ ಆಗಿರಬಹುದೆಂದು ಇವರು ತೋರಿಸಿಕೊಟ್ಟಿದ್ದಾರೆ. ಅದು ನಾವು ಕಲಿಯತಕ್ಕ ವಿಷಯ.

ಇನ್ನೊಂದು ಸತ್ಯವನ್ನೂ ಶೈನ್ ಕಂಡಿದ್ದಾನೆ. ಮುಂದಾಳು ಏನು ಹೇಳುತ್ತಾನೆಂಬುದರಿಂದ ಅಲ್ಲ, ಯಾವುದರ ಕಡೆಗೆ ಲಕ್ಷ್ಯ ಕೊಡುತ್ತಾನೆ, ಸಂಕಟ ಬಂದಾಗ ಹೇಗೆ ವರ್ತಿಸುತ್ತಾನೆ, ಯಾರನ್ನು ಮೇಲೆತ್ತುತ್ತಾನೆ ಎಂಬುದರಿಂದ ಜನ ಕಲಿಯುತ್ತಾರೆ ಎಂಬುದು ಅದು. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತವರು. 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಆ ಹೊಣೆಯ ನೆರಳಿನಲ್ಲಿಯೇ ಬಾಳಿದವರು. ಮಕ್ಕಳ ಅನ್ನಕ್ಕಾಗಿ ತಾವೇ ಊರೂರು ತಿರುಗಿ ಭಿಕ್ಷೆ ಎತ್ತಿದರು. ಮಕ್ಕಳ ಪ್ರಾರ್ಥನೆಯಲ್ಲಿ ತಾವೂ ಕುಳಿತರು. ಅನ್ನದ ಒಂದು ಅಗುಳೂ ವ್ಯರ್ಥವಾಗಬಾರದೆಂಬ ನಿಯಮ ಅಲ್ಲಿಯ ಮಕ್ಕಳಲ್ಲಿ ಬೇರೂರಿದ್ದರೆ, ಆ ಅನ್ನ ಬಂದ ದಾರಿಯನ್ನು ಗುರುವಿನ ಪಾದಗಳಲ್ಲಿ ಅವರು ಕಂಡಿದ್ದರಿಂದಲೇ ಅಲ್ಲವೇ?

ಇಷ್ಟು ಸತ್ತ್ವವನ್ನು ಒಪ್ಪಿಕೊಂಡ ಮೇಲೆ ಕೊರತೆಗಳನ್ನು ಎಣಿಸಬೇಕು. ಮೊದಲನೆಯದು ಉದ್ದೇಶದ ಕೊರತೆ. ಈ ಸಿದ್ಧಾಂತಗಳಲ್ಲಿ ಬಹುಪಾಲಿಗೆ ಸಂಸ್ಕೃತಿಯೆಂಬುದು ಲಾಭಕ್ಕೆ ಸಾಧನ. 1982ರಲ್ಲಿ ಪೀಟರ್ಸ್ ಮತ್ತು ವಾಟರ್‌ಮನ್ ಎಂಬಿಬ್ಬರು ಅಮೆರಿಕದ ಉತ್ಕೃಷ್ಟ ಕಂಪನಿಗಳ ಗುಣಗಳನ್ನು ಆರಿಸಿ ತೆಗೆದು ಬರೆದ ಗ್ರಂಥ ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾಯಿತು. 1984ರಲ್ಲಿಯೇ ಅಲ್ಲಿಯ ವಾಣಿಜ್ಯ ಪತ್ರಿಕೆಯೊಂದು ಆ ಕಂಪನಿಗಳಲ್ಲಿ ಹಲವು ಎಡವಿರುವುದನ್ನು ಎತ್ತಿ ತೋರಿಸಿತು. ಲಾಭವೇ ಸಂಸ್ಕೃತಿಯ ಪ್ರಮಾಣವಾದರೆ ಲಾಭ ಕುಸಿದ ದಿನ ಸಂಸ್ಕೃತಿಯೂ ಸುಳ್ಳಾಗುತ್ತದೆ. ದುಡಿಮೆಯ ಫಲ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯನ್ನು ಈ ಗ್ರಂಥಗಳು ಕೇಳುವುದು ವಿರಳ. ಶರಣರಾದರೋ ಕಾಯಕವನ್ನು ದಾಸೋಹದಿಂದ ಎಂದೂ ಬೇರ್ಪಡಿಸಲಿಲ್ಲ. ದಾಸೋಹವಿಲ್ಲದ ಕಾಯಕ ಬರಿಯ ಗಳಿಕೆ; ಕಾಯಕವಿಲ್ಲದ ದಾಸೋಹ ಬರಿಯ ಒಣ ಔದಾರ್ಯ.

ಎರಡನೆಯ ಕೊರತೆ ಇದಕ್ಕಿಂತ ಆಳವಾದುದು. ಈ ಸಿದ್ಧಾಂತಗಳಲ್ಲಿ ಮುಂದಾಳು ಸಂಸ್ಕೃತಿಯನ್ನು ಕಟ್ಟುವವನು, ಬೆಳೆಸುವವನು, ಬೇಕಾದಾಗ ಬದಲಿಸುವವನು. ಕುಂಬಾರನು ಮಡಕೆಯ ಹೊರಗೆ ನಿಂತಂತೆ ಅವನು ಅದರ ಹೊರಗೆ ನಿಂತಿದ್ದಾನೆ. ರಾಬರ್ಟ್ ಗ್ರೀನ್‌ಲೀಫ್ 1970ರ ತನ್ನ ಪ್ರಬಂಧದಲ್ಲಿ, ನಿಜವಾದ ನಾಯಕ ಮೊದಲು ಸೇವಕನಾಗಿರಬೇಕೆಂದು ಹೇಳಿ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದನು. ಆದರೆ ಆ ಸೇವಾಭಾವವೂ ನಾಯಕನ ಇಚ್ಛೆಗೆ ಬಿಟ್ಟದ್ದು. ಅವನು ಮರೆತ ದಿನ ನೆನಪಿಸುವ ಹಕ್ಕು ಯಾರಿಗೆ? ಈ ಪ್ರಶ್ನೆಗೆ ಅಲ್ಲಿ ಉತ್ತರ ಸಾಲದು.

ಇಲ್ಲಿ ನಮ್ಮ ಕಡೆಯ ತಪ್ಪೊಂದನ್ನೂ ನೋಡಬೇಕು. ಕಾಯಕವೇ ಕೈಲಾಸವೆಂಬ ಮಾತು ಇಂದು ಕಾರ್ಖಾನೆಗಳ ಬಾಗಿಲಲ್ಲಿ, ಬ್ಯಾಂಕುಗಳ ಗೋಡೆಗಳಲ್ಲಿ, ಶಾಲಾ ಕಾಲೇಜುಗಳ ಕಮಾನುಗಳಲ್ಲಿ ರಾರಾಜಿಸುತ್ತಿದೆ. ಅದು ಬಸವಣ್ಣನವರ ಮಾತೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ಬಡ ಶರಣನ ಮಾತು ಅದು. ಅದನ್ನು ಗೋಡೆಗೆ ಹಾಕಿಸುವವನು ಮೇಲಿನವನು. ಓದಿ ಪಾಲಿಸಬೇಕಾದವನು ಕೆಳಗಿನವನು. ಹೀಗಾಗಿ ಅದರ ಅರ್ಥ, ಬಾಯಿ ಮುಚ್ಚಿ ದುಡಿ ಎಂಬಷ್ಟಕ್ಕೆ ಕುಗ್ಗಿಬಿಟ್ಟಿದೆ. ಆದರೆ ಮಾರಯ್ಯನ ವಚನದ ದಿಕ್ಕು ಕೆಳಮುಖವಾದುದಲ್ಲ, ಮೇಲ್ಮುಖವಾದುದು. ಗುರುವಿನ ದರ್ಶನವಾಗಲಿ, ಲಿಂಗದ ಪೂಜೆಯಾಗಲಿ, ಜಂಗಮನ ಸನ್ನಿಧಿಯಾಗಲಿ ಕಾಯಕದಿಂದ ಯಾರಿಗೂ ವಿನಾಯಿತಿ ಕೊಡದೆಂದು ಹೇಳಿ, ಕೊನೆಗೆ ತನ್ನ ಇಷ್ಟದೈವವನ್ನೂ ಅವನು ಕಾಯಕದ ಒಳಗೇ ತರುತ್ತಾನೆ. ಮೇಲಿರುವವನನ್ನು ಕಟ್ಟದ ನಿಯಮ ಕೆಳಗಿರುವವನನ್ನು ಕಟ್ಟಲಾರದೆಂಬುದೇ ಅದರ ತಾತ್ಪರ್ಯ. ಇದನ್ನು ಮರೆತು ಆ ಮಾತನ್ನು ತೂಗುಹಾಕುವುದು ಅದನ್ನು ತಲೆಕೆಳಗಾಗಿ ತೂಗುಹಾಕಿದಂತೆ.

ಮಾರಯ್ಯನ ಮನೆಯಲ್ಲಿಯೇ ಆ ನಿಯಮ ಅವನನ್ನು ಕಟ್ಟಿತು. ಶರಣರ ಸಂಗದಲ್ಲಿ ಮೈಮರೆತು ಕಾಯಕ ನಿಂತಾಗ ಎಚ್ಚರಿಸಿದವಳು ಅವನ ಮಡದಿ ಲಕ್ಕಮ್ಮ. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಇದ್ದಲ್ಲಿಯೇ ಚೆಲ್ಲಿ ಬರುವಂತೆ ಹೇಳಿದವಳೂ ಅವಳೇ. ಗಂಡನು ಯಜಮಾನ, ತಾನು ಆಶ್ರಿತೆ ಎಂಬ ಅಳುಕು ಅವಳಿಗಿಲ್ಲ. ಹೆಂಡತಿಯಿಂದ ಹೇಳಿಸಿಕೊಂಡೆನೆಂಬ ಕಹಿ ಅವನಿಗಿಲ್ಲ. ಇಬ್ಬರೂ ಕಾಯಕಕ್ಕೆ ಅಧೀನರು. ಇಂತಹ ಎಚ್ಚರಿಕೆಗೆ ಎಡೆಯಿರುವ ಮನೆ, ಇಂತಹ ಎಚ್ಚರಿಕೆಗೆ ಎಡೆಯಿರುವ ಕಚೇರಿ, ಇವುಗಳನ್ನೇ ಸಂಸ್ಕೃತಿಯುಳ್ಳವೆಂದು ಕರೆಯಬೇಕು.

ಮುಂದಾಳೂ ನಿಯಮದೊಳಗೇ ಇರುವ ಸಂಸ್ಥೆ ಕಥೆಯಲ್ಲಿ ಸರಿ, ಲೋಕದಲ್ಲಿ ಉಂಟೇ ಎಂದು ಕೇಳುವವರಿಗೆ ಕಚೇರಿಯ ಎರಡನೆಯ ಅರ್ಥವನ್ನು ನೆನಪಿಸಬೇಕಾಗಿದೆ. ಅದಕ್ಕೆ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣಕ್ಕಿಂತ ಒಳ್ಳೆಯ ಸಾಕ್ಷಿ ದೊರೆಯದು. ಸಂಕೇತಿ ಮನೆತನಗಳ ಆ ಸಣ್ಣ ಊರು ನಾಡಿಗೆ ಕೊಟ್ಟ ಸಂಗೀತಗಾರರ ಸಂಖ್ಯೆ ದೊಡ್ಡ ನಗರಗಳನ್ನೂ ನಾಚಿಸುವಂಥದು. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್, ರುದ್ರಪಟ್ಟಣದ ಸಹೋದರರೆಂದೇ ಖ್ಯಾತರಾದ ಆರ್. ಎನ್. ತ್ಯಾಗರಾಜನ್ ಮತ್ತು ಆರ್. ಎನ್. ತಾರಾನಾಥನ್, ಆರ್. ಕೆ. ಪದ್ಮನಾಭ ಮೊದಲಾದವರ ಹೆಸರುಗಳನ್ನು ಅರಿಯದ ಸಂಗೀತಪ್ರಿಯರಿಲ್ಲ. ಪದ್ಮನಾಭರು ತಮ್ಮ ಹುಟ್ಟೂರಿನಲ್ಲಿ ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತೆಗಳ ಧ್ಯಾನಮಂದಿರವನ್ನೇ ಕಟ್ಟಿಸಿದ್ದಾರೆ.

ಈ ಊರಿನ ಸಂಗೀತವನ್ನು ಕಂಪನಿಯೊಂದು ನಡೆಸಲಿಲ್ಲ, ನಿಯಮಾವಳಿಯ ಪುಸ್ತಕವಿರಲಿಲ್ಲ, ಬಡ್ತಿಯ ಪಟ್ಟಿಯಿರಲಿಲ್ಲ. ಆದರೂ ತಲೆಮಾರುಗಳು ಕಳೆದರೂ ಅದು ಕುಂದಲಿಲ್ಲ. ಕಾರಣವನ್ನು ಆ ಮಂದಿರದ ಆಕಾರವೇ ಸೂಚಿಸುತ್ತದೆ. ತಂಬೂರಿ ಹಾಡುವುದಿಲ್ಲ, ಅಪ್ಪಣೆ ಕೊಡುವುದಿಲ್ಲ, ಯಾರನ್ನೂ ಹೊಗಳುವುದಿಲ್ಲ. ಆದರೆ ಶ್ರುತಿ ತಪ್ಪಿದವನು ಎಂಟು ವರ್ಷದ ಶಿಷ್ಯನಾಗಲಿ, ಎಂಬತ್ತು ವರ್ಷದ ಗುರುವಾಗಲಿ, ತಂಬೂರಿ ಅದನ್ನು ಸಮನಾಗಿ ಬಯಲು ಮಾಡುತ್ತದೆ. ಗುರು ಶಿಷ್ಯನಿಗೆ ಪಾಠ ಹೇಳುವಾಗ ತಾನೂ ಅದೇ ಶ್ರುತಿಗೆ ಅಧೀನ. ಹಾಡುವ ಮುನ್ನ ತಂತಿ ಸೇರಿಸುವ ಆ ಕೆಲವು ನಿಮಿಷಗಳಲ್ಲಿ ದೊಡ್ಡ ವಿದ್ವಾಂಸನೂ ಕಿವಿಗೊಟ್ಟು ಕೇಳಲೇಬೇಕು. ಕೇಳುವುದನ್ನು ಕಲಿಯದೆ ಹಾಡುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.

ಕಚೇರಿಯ ನಡುವೆ ಬರುವ ತನಿ ಆವರ್ತನದಲ್ಲಿಯೂ ಇದೇ ಧರ್ಮವಿದೆ. ಅಷ್ಟು ಹೊತ್ತು ಮುಂದಾಳಾಗಿ ಹಾಡಿದ ಗಾಯಕನು ಸುಮ್ಮನಾಗುತ್ತಾನೆ. ಮೃದಂಗದವನು ತನ್ನ ವಿದ್ಯೆಯನ್ನು ಮೆರೆಸುತ್ತಾನೆ. ಗಾಯಕನು ಕೈಯಲ್ಲಿ ತಾಳ ಹಾಕುತ್ತ ಅವನಿಗೆ ಆಧಾರವಾಗಿ ನಿಲ್ಲುತ್ತಾನೆ. ಮುಂದಾಳು ತನ್ನ ಜೊತೆಯವರ ಲೆಕ್ಕವನ್ನು ಕಾಯುವವನಾಗುವ ಈ ಗಳಿಗೆಯನ್ನು ನಾಯಕತ್ವದ ಪಾಠಗಳಲ್ಲಿ ಸೇರಿಸಿದರೆ ಗ್ರೀನ್‌ಲೀಫನ ಪ್ರಬಂಧಕ್ಕೆ ಒಳ್ಳೆಯ ವ್ಯಾಖ್ಯಾನವಾದೀತು.

ಶ್ರೀಕಂಠನ್ ಅವರ ಬಾಳಿನಲ್ಲಿ ಕಚೇರಿಯ ಎರಡು ಅರ್ಥಗಳೂ ಒಂದಾಗಿದ್ದುವು. ಅವರು ಸುಮಾರು ಮೂರು ದಶಕಗಳ ಕಾಲ ಆಕಾಶವಾಣಿಯಲ್ಲಿ ನೌಕರರಾಗಿದ್ದರು. ಆಕಾಶವಾಣಿಯೆಂಬ ಹೆಸರಿನಲ್ಲಿ 1935ರಲ್ಲಿ ಮೈಸೂರಿನಲ್ಲಿ ಬಾನುಲಿಯನ್ನು ಆರಂಭಿಸಿದವರು ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು, ಮಾನವ ವರ್ತನೆಯನ್ನು ಓದಿಸುತ್ತಿದ್ದ ವಿದ್ವಾಂಸರೇ ಸಂಗೀತಕ್ಕೂ ಒಂದು ಕಾರ್ಯಸ್ಥಳವನ್ನು ಕಲ್ಪಿಸಿದುದು ಸಂತೋಷದ ಯೋಗಾಯೋಗ. ಗಡಿಯಾರಕ್ಕೆ ಕಟ್ಟುಬಿದ್ದ ಸರ್ಕಾರಿ ಕಚೇರಿಯಲ್ಲಿ ಅಷ್ಟು ವರ್ಷ ದುಡಿದರೂ ಶ್ರೀಕಂಠನ್ ಅವರ ಶ್ರುತಿ ಸಡಿಲಲಿಲ್ಲ. 1995ರಲ್ಲಿ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ ಗೌರವಗಳು ಸಂದುವು. ತೊಂಬತ್ತು ದಾಟಿದ ಮೇಲೂ ವೇದಿಕೆಯೇರಿ ಹಾಡಿದ ಅವರು 2014ರಲ್ಲಿ ಕಾಲವಾದರು. ಗಡಿಯಾರವು ಶ್ರುತಿಗೆ ಶತ್ರುವಲ್ಲ. ಶ್ರುತಿಯಿಲ್ಲದ ಗಡಿಯಾರ ಮಾತ್ರ ಮನುಷ್ಯನನ್ನು ಹಿಂಡುತ್ತದೆ ಎಂಬುದಕ್ಕೆ ಆ ಬಾಳು ಸಾಕ್ಷಿ.

ಆದರೆ ಗುರುಕುಲವನ್ನು ಹೊಗಳುವ ಭರದಲ್ಲಿ ಅದರ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಾಗದು. ಶ್ರುತಿಯ ಮುಂದೆ ಗುರುಶಿಷ್ಯರು ಸಮಾನರಾದರೂ, ತಂಬೂರಿಯನ್ನು ಗೋಡೆಗೆ ಒರಗಿಸಿದ ಮೇಲೆ ಆ ಸಮಾನತೆ ಉಳಿಯುತ್ತಿರಲಿಲ್ಲ. ಗುರುವಿನ ಕೋಪಕ್ಕೆ ಮೇಲ್ಮನವಿಯಿರಲಿಲ್ಲ. ನಾಡಿನ ಸಂಪ್ರದಾಯ ವಿದ್ಯೆಗಳ ಬಾಗಿಲು ಬಹುಕಾಲ ಹುಟ್ಟನ್ನು ನೋಡಿ ತೆರೆಯುತ್ತಿತ್ತು. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1980ರ ತನ್ನ ಗ್ರಂಥದಲ್ಲಿ, ಅಂತರರಾಷ್ಟ್ರೀಯ ಕಂಪನಿಯೊಂದರ ನೌಕರರ ಉತ್ತರಗಳನ್ನು ಆಧರಿಸಿ, ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರವನ್ನು ಸಹಜವೆಂದು ಒಪ್ಪುವ ದೇಶಗಳ ಸಾಲಿನಲ್ಲಿ ಭಾರತವನ್ನು ಮೇಲಿನ ಭಾಗದಲ್ಲಿರಿಸಿದ್ದಾನೆ. ಒಂದು ಕಂಪನಿಯ ನೌಕರರಿಂದ ಇಡೀ ದೇಶವನ್ನು ಅಳೆಯಬಹುದೇ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೂ ಆ ಮಾತು ನಮಗೆ ಪೂರಾ ಅಪರಿಚಿತವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ಈ ದೋಷಕ್ಕೆ ಶರಣರು ಮದ್ದನ್ನು ಕಂಡಿದ್ದರು. ಶೂನ್ಯಸಂಪಾದನೆ ಚಿತ್ರಿಸುವ ಕಲ್ಯಾಣದಲ್ಲಿ, ಬಾಗಿಲಿಗೆ ಬಂದ ಅಲ್ಲಮಪ್ರಭುವನ್ನು ಇದಿರುಗೊಳ್ಳದೆ ಪೂಜೆಯಲ್ಲಿ ತೊಡಗಿದ್ದ ಬಸವಣ್ಣನವರು ಎಲ್ಲರೆದುರು ಆಕ್ಷೇಪಣೆ ಕೇಳಬೇಕಾಯಿತು. ಅವರು ಬಿಜ್ಜಳನ ಭಂಡಾರಿ, ಶರಣಸಂಕುಲದ ಆಧಾರಸ್ತಂಭ; ಆದರೂ ಕೇಳಿದರು, ತಿದ್ದಿಕೊಂಡರು. ಆ ಅಲ್ಲಮನನ್ನೇ ಮುಕ್ತಾಯಕ್ಕ ಪ್ರಶ್ನಿಸಿದಳು. ಅಲ್ಲಿ ಪ್ರಶ್ನೆ ಅವಿಧೇಯತೆಯಾಗಲಿಲ್ಲ, ಸಂಸ್ಥೆಯ ಉಸಿರಾಯಿತು. ಮಡಿವಾಳ, ಅಂಬಿಗ, ಹಡಪದ ಮೊದಲಾದ ಎಲ್ಲ ಕಾಯಕದವರಿಗೂ ಆ ಉಸಿರಿನಲ್ಲಿ ಪಾಲಿತ್ತು. ಶ್ರುತಿಯ ಸಮಾನತೆಯನ್ನು ಹಾಡಿನಾಚೆಗೂ, ಬದುಕಿನೆಲ್ಲೆಡೆಗೂ ವಿಸ್ತರಿಸಿದುದೇ ಶರಣರ ಹೆಚ್ಚಳ.

ಈಗ ದೃಷ್ಟಿಯನ್ನು ನಮ್ಮ ಕಡೆಗೇ ತಿರುಗಿಸಬೇಕು. ನಮ್ಮ ಸಮಾಜದ ವಿದ್ಯಾಸಂಸ್ಥೆಗಳ ಹುಟ್ಟು ತ್ಯಾಗದಲ್ಲಿದೆ. 1916ರಲ್ಲಿ ಬೆಳಗಾವಿಯಲ್ಲಿ ಕೆ. ಎಲ್. ಇ. ಸಂಸ್ಥೆಗೆ ಬುನಾದಿ ಹಾಕಿದವರು ಧನಿಕರಲ್ಲ, ಏಳು ಮಂದಿ ಶಿಕ್ಷಕರು. 1954ರಲ್ಲಿ ಮೈಸೂರಿನಲ್ಲಿ ಜೆ. ಎಸ್. ಎಸ್. ಮಹಾವಿದ್ಯಾಪೀಠವನ್ನು ಸುತ್ತೂರು ಶ್ರೀ ರಾಜೇಂದ್ರ ಸ್ವಾಮಿಗಳು ಸ್ಥಾಪಿಸಿದುದು ಹಳ್ಳಿಯ ಮಕ್ಕಳ ಅನ್ನ ಮತ್ತು ಅಕ್ಷರದ ಚಿಂತೆಯಿಂದ. ಇಂದು ಇಂತಹ ಸಂಸ್ಥೆಗಳು ನಾಡಿನ ಉದ್ದಗಲಕ್ಕೂ ಬೆಳೆದು, ಸಹಸ್ರಾರು ಜನಕ್ಕೆ ಸಂಬಳ ಕೊಡುವ ಸ್ಥಾನದಲ್ಲಿವೆ. ಭಿಕ್ಷೆಯ ಜೋಳಿಗೆ ಹಿಡಿದಾಗ ಇದ್ದ ಸಂಸ್ಕೃತಿ, ಸಂಬಳದ ಚೀಟಿ ಬರೆಯುವಾಗಲೂ ಉಳಿಯುವುದೇ ಎಂಬುದು ಇಂದಿನ ಪರೀಕ್ಷೆ.

ಧಾರ್ಮಿಕ ಸಂಸ್ಥೆಗೆ ಒಂದು ವಿಶೇಷ ಅಪಾಯವುಂಟು. ಇತರ ಕಡೆ ಮಾಲೀಕನ ಎದುರು ನ್ಯಾಯ ಕೇಳುವವನು ಕೆಲಸಗಾರ ಮಾತ್ರ. ಇಲ್ಲಿ ಕೇಳುವವನು ಭಕ್ತನೂ ಹೌದು. ತಾತ್ಕಾಲಿಕ ಉಪನ್ಯಾಸಕನೊಬ್ಬ ವರ್ಷಗಳ ಮೇಲೆ ತನ್ನ ಕೆಲಸ ಖಾಯಂ ಆಗಲೆಂದು ಬೇಡಿದರೆ, ಅಡುಗೆಮನೆಯ ಹೆಂಗಸು ವಾರಕ್ಕೊಂದು ಬಿಡುವು ಕೇಳಿದರೆ, ‘ಇದು ನೌಕರಿಯಲ್ಲ, ಸೇವೆ’ ಎಂಬ ಒಂದೇ ಮಾತಿನಿಂದ ಬಾಯಿ ಕಟ್ಟುವುದು ಎಷ್ಟು ಸುಲಭ! ಮಠದ ಎದುರು ದನಿಯೆತ್ತುವುದು ಪಾಪವೆಂಬ ಅಂಜಿಕೆ ಅವರಲ್ಲಿಯೇ ಇರುವುದರಿಂದ ಹೇಳುವವನಿಗೆ ಬಲವಂತವೂ ಬೇಕಾಗುವುದಿಲ್ಲ. ಸೇವೆಯೆಂಬುದು ನಾನು ನನಗೆ ಹೇಳಿಕೊಂಡಾಗ ವ್ರತ. ಇನ್ನೊಬ್ಬನ ಸಂಬಳದ ಪ್ರಶ್ನೆಗೆ ಉತ್ತರವಾಗಿ ಹೇಳಿದಾಗ ಅದು ವಂಚನೆ. ಬಡ ಮಾರಯ್ಯ ಅಕ್ಕಿ ಆಯ್ದು ದಾಸೋಹ ಮಾಡಿದನು. ಬಡವರ ಅಕ್ಕಿಯನ್ನು ಆಯ್ದು ಯಾರೂ ದಾಸೋಹ ಮಾಡಲಾಗದು.

ಆದುದರಿಂದ ಸಂಸ್ಥೆಗಳ ಹೊಣೆ ಹೊತ್ತ ನಮ್ಮ ಹಳೆಯ ವಿದ್ಯಾರ್ಥಿಗಳು ಶೈನನ ಗ್ರಂಥವನ್ನು ಓದಲಿ; ಪದರಗಳನ್ನು ಬಿಡಿಸುವ ಅವನ ಕೌಶಲ ಉಪಯುಕ್ತವಾದುದೇ. ಓದಿ ಮುಗಿಸಿದ ಮೇಲೆ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಲಿ. ಕೆಳಗಿನವನಿಗೆ ವಿಧಿಸಿದ ನಿಯಮ ನನ್ನನ್ನು ಕಟ್ಟಿದೆಯೇ? ನಾನು ತಪ್ಪಿದಾಗ ಲಕ್ಕಮ್ಮನಂತೆ ಎಚ್ಚರಿಸುವವರು ನನ್ನ ಸುತ್ತ ಇದ್ದಾರೆಯೇ, ಇದ್ದರೆ ಅವರು ಭಯವಿಲ್ಲದೆ ಉಳಿದಿದ್ದಾರೆಯೇ? ಎಲ್ಲರ ದುಡಿಮೆಯ ಫಲ ಎಲ್ಲಿಗೆ ಸೇರುತ್ತಿದೆಯೆಂಬ ಲೆಕ್ಕ ಎಲ್ಲರಿಗೂ ಕಾಣುವಂತಿದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ದೊರೆತ ಕಡೆ ಗೋಡೆಯ ಮೇಲೆ ಯಾವ ವಚನವನ್ನೂ ಬರೆಯಿಸಬೇಕಾಗಿಲ್ಲ. ಉತ್ತರ ದೊರೆಯದ ಕಡೆ ಎಷ್ಟು ಬರೆಯಿಸಿದರೂ ಅದು ಸುಣ್ಣದ ಮೇಲಿನ ಬಣ್ಣವಷ್ಟೇ.

ಮುಂದಾಳಿಗೂ ಹಿಂಬಾಲಕನಿಗೂ ಒಂದೇ ಶ್ರುತಿಯಿರುವ ಕಚೇರಿಯಲ್ಲಿ ದುಡಿಮೆ ಹೊರೆಯಾಗದು. ಅಂತಹ ಕಚೇರಿಗಳನ್ನು ಕಟ್ಟುವ ಬುದ್ಧಿಯನ್ನೂ, ಕಟ್ಟಿದವರನ್ನು ಪ್ರಶ್ನಿಸುವ ಧೈರ್ಯವನ್ನೂ ಶರಣರ ಕೃಪೆ ನಮಗೆ ದಯಪಾಲಿಸಲಿ.